ಬೀನ್ಸ್ ಊಟದ ರಾತ್ರಿ ಥೆಲ್ಮಜ್ಜಿ ಒತ್ತಿದ ಗುಂಡಿ

ದೀಪ ಸಣ್ಣ ಮಾಡಿ, ಹತ್ತಿರ ಬನ್ನಿ. ನಗೋರು ಈಗಲೇ ನಕ್ಕುಬಿಡಿ. ಇದು ನನ್ನ ಚಿಕ್ಕಪ್ಪನ ಮಗ ಲೈಲ್‌ಗೆ ಆದದ್ದು, ಕೆನಡಾದ ನೋವಾ ಸ್ಕೋಷಿಯಾದಲ್ಲಿ, ನಮ್ಮ ಈ ಕಡಲ ದಂಡೆಯಲ್ಲೇ.

ಕಳೆದ ಚಳಿಗಾಲ, ಒಂದು ಶನಿವಾರ. ಫೈರ್ ಸ್ಟೇಷನ್ ಹಾಲ್‌ನಲ್ಲಿ ಊರೆಲ್ಲ ಸೇರೋ ಶನಿವಾರದ ಬೀನ್ಸ್ ಊಟ ಮುಗಿಸಿ ಲೈಲ್, ಅವನ ಹೆಂಡತಿ ಮಾರ್ಲೀನ್ ನಡೆದು ಬರ್ತಾ ಇದ್ದರು. ದಾರಿಯಲ್ಲಿ ಥೆಲ್ಮಾ ಕಾರ್ಕಮ್ ಅಜ್ಜಿಯ ಮನೆ ಮುಂದಿನ ಬಾವಿ ದಾಟಬೇಕು. ಅಜ್ಜಿ ಸತ್ತು ವರ್ಷವಾಗಿತ್ತು. ಮನೆಗೆ ಬೀಗ, ಕರೆಂಟೂ ಇಲ್ಲ. ಬಾವಿ ಹತ್ತಿರ ಬಂದಾಗ... ಬೀಪ್. ಬೀಪ್. ಬೀಪ್.

"ಕೇಳಿಸ್ತಾ?" ಲೈಲ್ ಪಿಸುಗುಟ್ಟಿದ.

"ನಿನ್ನ ಹೊಟ್ಟೆ ಇರಬೇಕು. ತಟ್ಟೆ ಮೇಲೆ ತಟ್ಟೆ ಬಾರಿಸಿದೆಯಲ್ಲ."

"ಶ್ಶ್... ಥೆಲ್ಮಜ್ಜಿ ಪೆಟ್ಟಿಗೆ ಕಣೇ ಅದು."

ಅಜ್ಜಿಯ ಕೊರಳಲ್ಲಿ ಒಂದು ಗುಂಡಿ ಇರ್ತಿತ್ತು. ಬಿದ್ದರೆ ಒತ್ತಬೇಕು. ಅಡುಗೆಮನೆ ಗೋಡೆಯ ಪೆಟ್ಟಿಗೆ ಕೂಗತ್ತೆ, ದೂರದ ಸಹಾಯ ಕೇಂದ್ರದ ಹುಡುಗಿ ಅದರೊಳಗಿಂದ ಮಾತಾಡಿಸ್ತಾಳೆ. ಸಹಾಯ ಬೇಕು ಅಂದರೆ ಬೀಗದಕೈ ಇಟ್ಟುಕೊಂಡಿದ್ದ ಲೈಲ್‌ಗೆ, ಫೈರ್ ಸ್ಟೇಷನ್ನಿಗೆ ಫೋನ್ ಹೋಗತ್ತೆ. ಹಿಂದಿನ ವರ್ಷ ಅಜ್ಜಿ ಬಿದ್ದು ಸೊಂಟ ಮುರೀತು. ಒತ್ತಿದಳು ಕೂಡ. ಆದರೆ ಶನಿವಾರ! ನಮ್ಮಲ್ಲಿ ಬೀನ್ಸ್ ಬಡಿಸೋರೂ ಫೈರ್ ಸ್ಟೇಷನ್ನವರೇ, ಯಾರಾದರೂ ಬಿದ್ದರೆ ಗಾಡಿ ತರೋರೂ ಅವರೇ. ಊರೆಲ್ಲ ಊಟ ಬಿಟ್ಟು ಏಳಬೇಕಲ್ಲ ಅಂತ "ಕೈ ತಾಗಿತು ಕಣಮ್ಮ" ಅಂದುಬಿಟ್ಟಳಂತೆ. ಕೇಂದ್ರದವರೇ ಆಮೇಲೆ ಹೇಳಿದ್ದು. ಭಾನುವಾರ ಒಲೆ ಪಕ್ಕ ಸಿಕ್ಕಿದ್ದು ಹೆಣ. ನಮ್ಮವರ ಈ ಹಾಳು ಸಂಕೋಚ ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯತ್ತೆ.

ಲೈಲ್ ಓಡಿದ. ಬೀಗದಕೈ ಇನ್ನೂ ಅವನ ಹತ್ತಿರವೇ ಇತ್ತು. ಬಾಗಿಲು ಕಿರ್ರ್... ಒಳಗೆ ಕತ್ತಲು. ಗೋಡೆಯಿಂದ ಗೊರಗೊರ ಸದ್ದು, ಅದರ ನಡುವೆ ಹುಡುಗಿಯ ದನಿ. "ಥೆಲ್ಮಾ ಅವರೇ, ಹುಷಾರಾಗಿದ್ದೀರಾ?"

ನೆಲದಿಂದ ಉತ್ತರ ಬಂತು. "ಹೂಂ ಕಣಮ್ಮ... ಕೈ ತಾಗಿತು, ಅಷ್ಟೆ."

"ಸುಳ್ಳು!" ಲೈಲ್ ಕಿರುಚಿದ. "ಬಿದ್ದಿದ್ದಾಳೆ! ಸೊಂಟ ಮುರಿದಿದೆ! ಗಾಡಿ ಕಳಿಸಿ!"

"ಯಾರನ್ನಾದ್ರೂ ಕಳಿಸ್ಲಾ?" ಹುಡುಗಿ ಅಜ್ಜಿಯನ್ನೇ ಕೇಳಿದಳು.

"ಬೇಡಮ್ಮ... ಪಾಪ, ಲೈಲ್ ಊಟಕ್ಕೆ ಕೂತಿರ್ತಾನೆ."

"ನನ್ನ ಊಟ ಆಯ್ತು ಅಜ್ಜಿ! ಕಳಿಸು ಅನ್ನು... ಒಂದೇ ಒಂದು ಸಲ ಅನ್ನು!"

"ಸರಿ ಹಾಗಾದ್ರೆ, ಮಲ್ಕೊಳ್ಳಿ," ಅಂದಳು ಹುಡುಗಿ. ಟಕ್. ಲೈನ್ ಕಟ್ಟಾಯ್ತು.

ಮಾರ್ಲೀನ್ ಟಾರ್ಚ್ ಹಿಡಿದು ಒಳಗೆ ಬಂದಳು. ನೆಲದ ಮೇಲೆ ಯಾರೂ ಇಲ್ಲ, ಗೋಡೆ ಮೇಲೆ ಪೆಟ್ಟಿಗೆಯೂ ಇಲ್ಲ. ಕೇಂದ್ರದವರು ಪೆಟ್ಟಿಗೆಯನ್ನು ಯಾವತ್ತೋ ಕಿತ್ತುಕೊಂಡು ಹೋಗಿದ್ದರು, ಮೊಳೆಯ ತೂತು ಮಾತ್ರ ಉಳಿದಿತ್ತು.

ಅವತ್ತಿಂದ ಲೈಲ್ ಹಾಲ್ ಕಡೆ ತಲೆ ಹಾಕಿಲ್ಲ. ಶನಿವಾರ ಸಂಜೆಯಾದರೆ ಹೋಗಿ ಆ ಅಡುಗೆಮನೇಲಿ ಕೂರ್ತಾನೆ. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರ್ತಾನೆ. ಪ್ರತಿ ಸಲ ಅದೇ ಮಾತು, ಅದೇ ಟಕ್. ಅವನ ದನಿ ಅವರಿಬ್ಬರಿಗೂ ಮುಟ್ಟಲ್ಲ... ಮುಟ್ಟೋದೂ ಇಲ್ಲ.

ನಂಬಲ್ವಾ? ಒಂದು ಶನಿವಾರ ನಾನೂ ಜೊತೆಗೆ ಹೋಗಿದ್ದೆ ಕಣ್ರೀ. ಒಲೆ ಹಚ್ಚದ ಮನೆ, ಚಳಿಗೆ ನೆಲದ ತುಂಬ ಹಿಮ ತೆಳ್ಳಗೆ ಹೆಪ್ಪುಗಟ್ಟಿ ಬಿಳಿಯಾಗಿ ಕೂತಿತ್ತು. ಒಲೆ ಪಕ್ಕ, ಒಬ್ಬರು ಮಲಗುವಷ್ಟು ಜಾಗ ಮಾತ್ರ ಒಣಗಿತ್ತು. ಮುಟ್ಟಿ ನೋಡಿದೆ... ಇದೇ ಕೈಯಲ್ಲಿ. ಬೆಚ್ಚಗಿತ್ತು.