ಬಂಪರಿಗೆ ಕಟ್ಟಿದ ಒಂಟಿ ಚಪ್ಪಲಿ

ದೀಪ ಜರಾ ಸಣ್ಣ ಮಾಡ್ರಿ... ಹಾಂ, ಸಾಕು. ಇದು ಎಲ್ಲೋ ಕೇಳಿದ ಕತೆಯಲ್ಲ. ನಮ್ಮ ಮನೆಯಿಂದ ಮೂರನೇ ಬಾಗಿಲು, ಬಸವಕಲ್ಯಾಣದಲ್ಲಿ ಸ್ಟೀಲಿನ ಬಾಂಡೆ ಮಾರುವ ವೀರಭದ್ರ. ಅವನಿಗೆ ಆದದ್ದು. 2003ನೇ ಇಸವಿ, ದೀಪಾವಳಿ ಮುಗಿದು ಚಳಿ ಹಿಡಿದಿತ್ತು.

ಹುಮನಾಬಾದಿನ ಕಡೇ ಬಸ್ಸು ಅವನನ್ನು ಊರ ಹೊರಗಿನ ತಿರುವಿನಲ್ಲಿ ಇಳಿಸಿ, ಧೂಳೆಬ್ಬಿಸಿ ಹೋಯಿತು. ಅಲ್ಲಿಂದ ಮನೆಗೆ ಎರಡು ಫರ್ಲಾಂಗು. ನಡುವೆ ಒಂದು ಆಲದ ಮರ, ಅದರ ಬುಡಕ್ಕೆ ಕಲ್ಲಿನ ಬಾವಿ. ವೀರಭದ್ರ ಟಾರ್ಚು ಹಚ್ಚಿ ನಡೆದ. ಮರದ ಹತ್ತಿರ ಬಂದಾಗ ಹಿಂದೆ ಸದ್ದು.

ಟಪ್... ಸರ್ರ್. ಟಪ್... ಸರ್ರ್.

ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು ನೆಲಕ್ಕೆ ಎಳೆದಂಗೆ.

"ಗಾಡಿ ನೋಡಲಾಕ ಹೋಗಿದ್ರೇನ್ರಿ?" ಪಿಸುಮಾತು. ಕಿವಿಯ ಹತ್ತಿರ.

ವೀರಭದ್ರ ತಿರುಗಲಿಲ್ಲ. ಯಾರೋ ಊರವರೇ ಅಂದುಕೊಂಡ. ಅವನು ಗಾಡಿ ಹುಡುಕುವ ಸುದ್ದಿ ಊರಿಗೆಲ್ಲ ಗೊತ್ತಿತ್ತು. "ಹೌದ್ರಿ. ಹುಲಸೂರದ್ದು ಬರೇ ಕರೀ ಹೊಗಿ ಉಗುಳತದ. ಹುಡಗಿ ಊರಾಗಿಂದು ನೋಡಿದ್ರ ತಳಾ ತುಕ್ಕು ತಿಂದದ. ಯಾವುದೂ ಮನಸಿಗೆ ಬರವಲ್ದು."

"ಬಿಳೀದು ನೋಡ್ರಿ... ದೊಡ್ಡದು."

"ಎಲ್ಲಿ ಅದರಿ ಅದು?"

"ಅದೇ ಗೊತ್ತಿಲ್ರಿ... ಕತ್ತಲಿತ್ತು. ನಂದೊಂದು ಸಾಮಾನ ಅದಕ್ಕ ಸಿಕ್ಕೊಂಡು ಹೋಗ್ಯದ. ತಂದ್ರ... ಇಲ್ಲೇ ಜರಾ ನಿಂದರಸ್ರಿ."

ವೀರಭದ್ರ ತಿರುಗಿದ. ಯಾರೂ ಇಲ್ಲ. ಟಾರ್ಚಿನ ಬೆಳಕಿನಲ್ಲಿ ಧೂಳಿನ ಮೇಲೆ ಚಪ್ಪಲಿಯ ಗುರುತು. ಎಲ್ಲಾ ಎಡಗಾಲಿನವೇ.

ಮನೆಗೆ ಓಡಿ ಬಂದು ತಾಯಿ ಶಕುಂತಲಾಬಾಯಿಗೆ ಹೇಳಿದ. ಮುದುಕಿ ಬಾಗಿಲ ಚಿಲಕ ಹಾಕಿ, ದನಿ ಇಳಿಸಿ ಅಂದಳು: "ಹೋದ ಮಳಿಗಾಲದಾಗ ಅಲ್ಲೇ ಅಲ್ಲೇನೋ, ಕೂಲಿ ಮಾಡೋ ಮಚ್ಚೇಂದ್ರನ ಮ್ಯಾಲ ಯಾವುದೋ ಲಾರಿ ಹಾದು ಓಡಿ ಹೋತಂತ ಅಂದದ್ದು? ಅಂಬುಬಾಯಿಗೆ ಗಂಡನ ಮಾರಿ ಸೈತ ಬರೋಬ್ಬರ್ ತೋರಿಸಲಿಲ್ಲ, ಚಾದರ ಮುಚ್ಚೇ ಒಯ್ದರು. ಇನ್ನ ಆ ಹಾದಿಗಿ ಒಬ್ಬನೇ ಬರಬ್ಯಾಡ. ಲಗೂನ ಗಾಡಿ ತಗೋ."

ಗಾಡಿ ತಗೊಳ್ಳುವ ಹಟ ಅವನಿಗೆ ಸುಮ್ಮನೆ ಹುಟ್ಟಿದ್ದಲ್ಲ. ಆರು ತಿಂಗಳ ಹಿಂದೆ ಮೋಟಾರ್ ಸೈಕಲ್ ಮೇಲೆ ನಾಲ್ಕು ಜನ ಹೋಗುವಾಗ ಏಳು ವರ್ಷದ ಮಗಳು ಸ್ನೇಹಲ್ ಜಾರಿ ಬಿದ್ದು, ತಲೆಗೆ ಹನ್ನೊಂದು ಹೊಲಿಗೆ ಬಿದ್ದಿದ್ದವು. ಅವತ್ತೇ ಹೆಂಡತಿ ಪೂನಂ ಅಂದಿದ್ದಳು: "ನನ್ನ ಮಗಳ ಸುತ್ತ ನಾಕೂ ಕಡೆ ಕಬ್ಬಿಣ ಇರಬೇಕು ನೋಡ್ರಿ. ಇಲ್ಲಾಂದ್ರ ನಾ ಎಲ್ಲಿಗೂ ಬರಂಗಿಲ್ಲ." ಹೊಸದಕ್ಕೆ ಕೈ ಎಟಕಲ್ಲ. ಎಂಟು ಸೀಟಿನ ಹಳೇ ಗಾಡಿ ಆದರೂ ನಡೆದೀತು ಅಂತ ಅವನ ಲೆಕ್ಕ.

ವಾರದೊಳಗೆ ಸುದ್ದಿ ಬಂತು. ದುಬಲಗುಂಡಿಯ ದೊಡ್ಡ ಹೊಲದ ಮಹಾರುದ್ರಪ್ಪ ಗಾಡಿ ಮಾರುತ್ತಾನಂತೆ. ದೊಡ್ಡದು. ಬಿಳೀದು. ಯಾವ ಕಂಪನಿದು ಅಂತ ಕೇಳಬೇಡಿ, ಕಂಪನಿಯವರ ತಪ್ಪು ಒಂದಿಷ್ಟೂ ಇಲ್ಲ, ಸುಮ್ಮನೆ ನನ್ನ ಮೇಲೆ ಕೇಸು ಹಾಕ್ಯಾರು.

ವೀರಭದ್ರ ಮೆಕ್ಯಾನಿಕ್ ಜಲಾಲುದ್ದೀನನನ್ನು ಕರಕೊಂಡು ಹೋದ. ಜಲಾಲುದ್ದೀನ್ ಅಂದರೆ ಸಾಮಾನ್ಯ ಅಲ್ಲ. ದಾರಕ್ಕೆ ಅಯಸ್ಕಾಂತ ಕಟ್ಟಿಕೊಂಡು ಗಾಡಿಯ ಸುತ್ತ ಆಡಿಸುತ್ತಾನೆ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ಪೆಟ್ಟು ಬಿದ್ದ ತಗ್ಗಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದಾರೆ ಅಂತ ಅರ್ಥ. ಮುಂದಿನ ಎಡಮೂಲೆಯಲ್ಲಿ ಅಯಸ್ಕಾಂತ ಟಪ್ಪನೆ ಜಾರಿತು.

"ಎತ್ತು ಗುದ್ದಿತ್ತು," ಅಂದ ಮಹಾರುದ್ರಪ್ಪ. ಭಾರೀ ಮೀಸೆ. ಕಣ್ಣು ಮಾತ್ರ ನೆಲಕ್ಕೆ.

ಜಲಾಲುದ್ದೀನ್ ಅಂಗಾತ ಮಲಗಿ ಗಾಡಿ ಕೆಳಗೆ ತೂರಿದ. ಹೊರಬಂದು ವೀರಭದ್ರನ ಕಿವಿಯಲ್ಲಿ ಅಂದ: "ಎಂಜಿನ್ ಏಕದಮ್ ಫಸ್ಟ್ ಅದ ಭಾಯಿ. ಮೀಟರು ಹಳೇ ನಮೂನಿದು, ಗಾಡಿ ಹಿಂದಕ್ಕ ತಗೊಂಡ್ರ ಅಂಕಿನೂ ಹಿಂದಕ್ಕ ತಿರಗತಾವ, ಇರಲಿ. ಆದ್ರ ತಳಕ್ಕ ಹೊಸಾ ಕರೀ ಬಣ್ಣ ಹೊಡದಾರ. ಮ್ಯಾಲ ಗೀಚು ಹಂಗೇ ಬಿಟ್ಟು ತಳಾ ಯಾಕ ಸಿಂಗಾರ ಮಾಡ್ತಾರ?"

"ತುಕ್ಕು ಹಿಡೀಬಾರದಂತ ಹೊಡದಿರಬೇಕು ಬಿಡೋ."

"ನೋಡ್ರಿ ಮತ್ತ. ದಿಲ್ ಒಪ್ಪವಲ್ದು ನಂದು."

ಹಿಂದಿನ ಬಂಪರಿಗೆ ತಂತಿಯಿಂದ ಒಂದು ಚಪ್ಪಲಿ ಕಟ್ಟಿತ್ತು. ಬಲಗಾಲಿನದು, ಟೈರಿನ ಅಟ್ಟೆ, ಹರಿದ ಪಟ್ಟಿ. ವೀರಭದ್ರ ಅದನ್ನು ಎರಡನೇ ಸಲ ನೋಡಲೇ ಇಲ್ಲ. ಯಾಕೆ ನೋಡ್ತಾನೆ? ನಮ್ಮ ಕಡೆ ಲಾರಿ, ಟಂಟಂ, ಟ್ರ್ಯಾಕ್ಟರು, ಯಾವುದಕ್ಕೆ ದೃಷ್ಟಿಗೆ ಅಂತ ಹಳೇ ಚಪ್ಪಲಿ ಕಟ್ಟಿಲ್ಲ ಹೇಳ್ರಿ? ಮನೆಯಲ್ಲಿಟ್ಟರೆ ಯಾರದು ಅಂತ ಕೇಳುತ್ತಾರೆ. ಬಿಸಾಡಿದರೆ ನಾಯಿ ಕಚ್ಚಿ ತರುತ್ತದೆ. ಬಂಪರಿಗೆ ಕಟ್ಟಿಬಿಟ್ಟರೆ ಹಾದಿಬೀದಿಯೆಲ್ಲ ತೋರಿಸಿಕೊಂಡು ತಿರುಗಬಹುದು. ಒಬ್ಬರೂ ಕೇಳಲ್ಲ.

"ಅದನ್ನ ಬಿಚ್ಚಬ್ಯಾಡ್ರಿ ಸಾವಕಾರ್ರೇ," ಅಂದ ಮಹಾರುದ್ರಪ್ಪ.

ವ್ಯವಹಾರ ಕುದುರಿತು. ಅರ್ಧಕ್ಕರ್ಧ ಇಳಿಸಿದೆ ಅಂತ ವೀರಭದ್ರನಿಗೆ ಬಲು ಹಿಗ್ಗು. ಆರ್.ಸಿ. ಬುಕ್ಕಿನಲ್ಲಿ ಹೆಸರು ಬದಲಿ ಮಾಡಿಸೋದು ಮಾತ್ರ ಮುಂದಕ್ಕೆ ಹಾಕಿದ. ಸಹಿ ಮಾಡಿದ ಖಾಲಿ ಫಾರಮ್ಮು ಗಾಡಿಯ ಡಬ್ಬಿಯಲ್ಲಿ ತುರುಕಿದರಾಯಿತು, ಆಫೀಸಿಗೆ ಯಾರು ಅಲೀತಾರೆ? ನಮ್ಮ ಕಡೆ ಅರ್ಧ ಗಾಡಿಗಳು ಸತ್ತವರ ಹೆಸರಿನಲ್ಲೇ ಓಡುತ್ತವೆ.

ಗುರುವಾರ ಮನೆಮಂದಿಯೆಲ್ಲ ಹೋಗಿ ಗಾಡಿ ತಂದರು. ಹುಮನಾಬಾದಿನಲ್ಲಿ ಊಟ, ಪೇಡೆ, ಸ್ನೇಹಲ್‌ಗೆ ಹೊಸ ಲಂಗ. ಊರು ಹತ್ತಿರ ಬಂದಾಗ ಕತ್ತಲು ಗವ್ವೆನ್ನುತ್ತಿತ್ತು. ತಿರುವು ದಾಟಿದ್ದೇ ಮುದುಕಿ ಸೀಟು ಬಡಿದಳು.

"ನಿಂದರಸೋ. ಮಂದಿ ಮನಿ ಧೂಳು ನಮ್ಮ ಅಂಗಳಕ್ಕ ಬ್ಯಾಡ. ಗಾಲಿ ತೊಳದು, ನಿಂಬಿಹಣ್ಣು ಇಟ್ಟು ಹೋಗೂಣು."

"ಯವ್ವಾ, ಇಲ್ಲಿ ಬ್ಯಾಡ..."

"ನೀರ ಇಲ್ಲೇ ಅದ. ನಾಕ ಮಂದಿ ಇದ್ದೀವಿ, ಯಾತರ ಅಂಜಿಕಿ?"

ಪೂನಂ ಬಾವಿಯಿಂದ ಕೊಡ ಸೇದಿದಳು. ರಾಟೆ ಕಿಂಯ್... ಕಿಂಯ್... ಅಂತು. ಹಿಂದಿನ ಗಾಲಿಗೆ ನೀರು ಸುರಿದಾಗ ಕೆಂಪಗೆ ಹರಿಯಿತು. "ಕೆಮ್ಮಣ್ಣಾಗ ಓಡಿಸ್ಯಾರ," ಅಂದಳು ಮುದುಕಿ. ವಾಸನೆ ಮಣ್ಣಿನದಾಗಿರಲಿಲ್ಲ. ನಾಲ್ಕು ಗಾಲಿಯ ಮುಂದೆ ನಾಲ್ಕು ನಿಂಬೆಹಣ್ಣು. "ಎಲ್ಲಾ ಬರೋಬ್ಬರ್ ಕುಂತಾವೇನು ನೋಡವ್ವಾ," ಅಂತ ಅಜ್ಜಿ ಹೇಳಿದ್ದಕ್ಕೆ ಸ್ನೇಹಲ್ ಹಿಂದಕ್ಕೆ ಓಡಿದಳು. ವೀರಭದ್ರ ಒಂದನೇ ಗೇರು ಹಾಕಿದ.

ಗಾಡಿ ಹಿಂದಕ್ಕೆ ಸರಿಯಿತು.

ಊಂಯ್ಯ್ಯ್... ಗೇರಿನ ಕೋಲು ಅವನ ಕಣ್ಣೆದುರೇ ತಾನಾಗಿ ಹಿಂದಕ್ಕೆ ಬಿದ್ದಿತ್ತು. ಬ್ರೇಕಿಗೆ ಕಾಲೆತ್ತಿದ. ಕಾಲು ಏಳಲಿಲ್ಲ. ಕೆಳಗಿನಿಂದ ಒಂದು ಕೈ ಅವನ ಪಾದ ಹಿಡಿದಿತ್ತು. ತಣ್ಣಗೆ, ಒದ್ದೆ ಮಣ್ಣು ಮೆತ್ತಿದ ಕೈ. ಎರಡು ಬೆರಳು ಉಲ್ಟಾ ಮಡಚಿದ್ದವು. ಅದು ಅವನ ಪಾದವನ್ನು ಆಕ್ಸಿಲೇಟರಿನ ಮೇಲೆ ಇಟ್ಟು ಒತ್ತಿತು.

"ಒತ್ತು... ಅವತ್ತಿನಂಗ ಒತ್ತು..."

ಹಿಂದೆ ಸ್ನೇಹಲ್ ಚೀರಿದಳು. ಮುದುಕಿ ನೆಲಕ್ಕೆ ಬಿದ್ದು ಮೊಮ್ಮಗಳ ಜಡೆಗೆ ಕೈ ಹಾಕಿದಳು. ಗಾಲಿ ಅವಳ ಮುಂಗೈ ಮೇಲೆ ಏರಿತು. ಕಟಕ್... ಒಣ ಕಬ್ಬು ಮುರಿದ ಹಂಗೆ. ರಕ್ತ ಬಂಪರಿಗೆ ಚಿಮ್ಮಿತು. ಜಡೆ ಕೈಬಿಟ್ಟಿತು. ಹೊಸ ಲಂಗದ ಅಂಚು ಗಾಲಿಗೆ ಸಿಕ್ಕಿ, ಹುಡುಗಿಯನ್ನು ಅಂಗುಲ ಅಂಗುಲವಾಗಿ ಒಳಗೆ ಎಳೆಯುತ್ತಿತ್ತು. ಪೂನಂ ಕಲ್ಲು ತಗೊಂಡು ಗಾಜು ಒಡೆದಳು. ಚೂರು ವೀರಭದ್ರನ ಕೆನ್ನೆ ಸೀಳಿತು.

"ನಿಂದರಸ್ರಿ! ನಿಮಗ ಹುಚ್ಚ ಹಿಡದದೇನು? ಮಗಳು ಅದಾಳ ಹಿಂದ!"

"ಕಾಲು... ಕಾಲು ಹಿಡದದ!"

ಕೈ ಇನ್ನೂ ಬಿಗಿಯಿತು. ಪಾದದ ಎಲುಬು ಒಂದೊಂದಾಗಿ ಲಟ್... ಲಟ್... ಅನ್ನೋದು ಅವನಿಗೇ ಕೇಳಿಸಿತು.

"ಮೊದಲ ಬಡದಾಗ ಜೀವ ಇತ್ತು..." ಪಿಸುಮಾತು ಕಾಲಬುಡದಿಂದ. "ನೀರು ಕೇಳಿದೆ... ಸಾಕ್ಷಿ ಉಳೀಬಾರದಂತ... ಹಿಂದಕ್ಕ ತಗೊಂಡಿ."

"ನಾ ಅಲ್ಲೋ ಯಪ್ಪಾ! ನಾ ಇವತ್ತ ತಂದೀನಿ ಇದನ್ನ!"

"ಗಾಡಿ ಯಾರದು?"

"ನಂದು... ಇಲ್ಲ! ನಂದಲ್ಲ! ಬುಕ್ಕಿನಾಗ ಹೆಸರು ಬ್ಯಾರೇದವಂದು ಅದ!"

ಗಾಡಿ ನಿಂತಿತು. ಎಂಜಿನ್ ಮಾತ್ರ ನಡುಗುತ್ತಿತ್ತು.

"ಓದು..."

ಡಬ್ಬಿ ತೆಗೆದು ಬುಕ್ಕು ಬಿಚ್ಚಿದ. ಕೆನ್ನೆಯ ರಕ್ತ ಹಾಳೆಗೆ ತೊಟ್ಟಿಕ್ಕಿತು. ಹೆಸರು ಕಂಡಿತು. ಓದಿದರೆ ಏನಾಗುತ್ತದೆ ಅನ್ನೋದು ಅವನಿಗೆ ಗೊತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಗಾಲಿ ಇನ್ನೊಂದು ಅಂಗುಲ ಹೊರಳಿತು. "ಪಪ್ಪಾ..."

ಓದಿದ.

"ಮಹಾರುದ್ರಪ್ಪ. ತಂದಿ ಹೆಸರು ಶರಣಪ್ಪ. ಸಾಕೀನ್ ದುಬಲಗುಂಡಿ, ತಾಲೂಕಾ ಹುಮನಾಬಾದ."

"ಮತ್ತೊಮ್ಮೆ..."

ಮತ್ತೊಮ್ಮೆ ಓದಿದ. ಕೈ ಸಡಿಲಾಯಿತು. ಎಂಜಿನ್ ಬಂದ್ ಆಯಿತು. ಆ ನಿಶ್ಶಬ್ದದಲ್ಲಿ ಹಿಂದೆ ತಂತಿ ಬಿಚ್ಚುವ ಸದ್ದು, ಕಿರ್ರ್... ಕಿರ್ರ್... ಆಮೇಲೆ ಹಾದಿಯ ಮೇಲೆ, ಹುಮನಾಬಾದಿನ ಕಡೆಗೆ...

ಟಪ್. ಟಪ್. ಟಪ್. ಟಪ್.

ಎರಡೂ ಕಾಲಿಗೆ ಚಪ್ಪಲಿ.

ಲಂಗ ಕತ್ತರಿಸಿ ಸ್ನೇಹಲ್‌ಳನ್ನು ಹೊರಗೆಳೆದರು. ಮೊಣಕಾಲು ತರಚಿದ್ದು ಬಿಟ್ಟರೆ ಏನಿಲ್ಲ. "ಆ ಕಾಕಾ ಚಪ್ಪಲಿ ಹಾಕ್ಕೊಂಡು ಹೋದ," ಅಂದಳು. ಪೂನಂ ಯಾರನ್ನೂ ನೋಡಿರಲಿಲ್ಲ. ಮುದುಕಿಯ ಎರಡು ಬೆರಳು ಹೋದವು. ಮೂರು ಅಂತ ನಾನು ಮೊದಲೆಲ್ಲ ಹೇಳ್ತಿದ್ದೆ, ಎರಡೇ.

ಸುದ್ದಿ ಮುಟ್ಟಿ ಜಲಾಲುದ್ದೀನ್ ಬಂದ. ಅವರನ್ನು ದವಾಖಾನೆಗೆ ಕಳಿಸಿ, ಗಾಡಿಯನ್ನು ಹಗ್ಗ ಕಟ್ಟಿ ತನ್ನ ಗ್ಯಾರೇಜಿಗೆ ಎಳೆದುಕೊಂಡು ಹೋದ. ಅವನದೊಂದು ಪದ್ಧತಿ: ರಾತ್ರಿ ಉಳಿಯುವ ಗಾಡಿಯ ಮೀಟರು ವಹಿಯಲ್ಲಿ ಬರೆದುಕೊಳ್ಳುತ್ತಾನೆ. ನನ್ನ ಗಾಡಿ ತಗೊಂಡು ತಿರುಗಿದೆ ಅಂತ ನಾಳೆ ಯಾರೂ ಅನ್ನಬಾರದಲ್ಲ. ಬರೆದ: 61,340. ಶಟರ್ ಎಳೆದು, ಕೀಲಿ ಹಾಕಿ, ಕೀಲಿ ಕೈಯನ್ನು ಬನಿಯನ್ ಒಳಗಿಟ್ಟು ಶಟರಿಗೆ ಅಡ್ಡ ಮಲಗಿದ.

ಬೆಳಿಗ್ಗೆ ದುಬಲಗುಂಡಿಯಲ್ಲಿ ಗದ್ದಲ. ಮಹಾರುದ್ರಪ್ಪ ಅಂಗಳದಲ್ಲಿ ಸತ್ತು ಬಿದ್ದಿದ್ದ. ಹೊರಸು ಪುಡಿ. ಎದೆಗೂಡು ನೆಲಕ್ಕೆ ಅಂಟಿತ್ತು, ಬಾಯಿಂದ ಹೊರಬಿದ್ದದ್ದನ್ನು ನಾನು ಹೇಳಲ್ಲ, ನಿಮ್ಮ ಊಟ ಆಗಿದೆ. ಮೈಮೇಲೆ ಗಾಲಿಯ ಅಚ್ಚು. ಎರಡು ಸಲ ಹಾದದ್ದು. ದೊಡ್ಡ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಆ ಓಣಿಯಲ್ಲಿ ಎರಡು ಎಮ್ಮೆ ಜೋಡಿಯಾಗಿ ಹೋಗಲ್ಲ, ಗಾಡಿಯನ್ನು ಅವನು ಯಾವತ್ತೂ ಹೊಲದಲ್ಲೇ ನಿಲ್ಲಿಸುತ್ತಿದ್ದ.

ಅದೇ ಬೆಳಿಗ್ಗೆ ಮಚ್ಚೇಂದ್ರನ ಹೆಂಡತಿ ಅಂಬುಬಾಯಿ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಗಂಡನ ಚಪ್ಪಲಿ, ಜೋಡಿ.

ಪೊಲೀಸರು ಗ್ಯಾರೇಜಿಗೂ ಬಂದರು. ಕೀಲಿ ಹಂಗೇ, ಶಟರ್ ಹಂಗೇ, ಗಾಡಿ ಹಂಗೇ. ನೋಡಿ ಹೋದರು. ವೀರಭದ್ರ ಈಗಲೂ ಬಲಗಾಲು ಎಳೆದುಕೊಂಡೇ ನಡೆಯುತ್ತಾನೆ. ಆ ಗಾಡಿಗೆ ತನ್ನ ಹೆಸರು ಮಾತ್ರ ಹಾಕಿಸಲಿಲ್ಲ. ಯಾರೂ ಕೊಳ್ಳಲೂ ಇಲ್ಲ.

ನೀವು ನಂಬಲ್ಲ, ಗೊತ್ತು. ನಾನು ಸುಳ್ಳುಗಾರ ಅಂತ ಊರೇ ಹೇಳುತ್ತದೆ. ಆದರೆ ಜಲಾಲುದ್ದೀನನ ವಹಿ ಇನ್ನೂ ಅದೆ, ಹೋಗಿ ಕೇಳ್ರಿ. ಪೊಲೀಸರು ಹೋದ ಮೇಲೆ ಅವನು ಗಾಡಿಯೊಳಗೆ ಬಗ್ಗಿ ಮೀಟರು ನೋಡಿ, ರಾತ್ರಿಯ ಅಂಕಿಯ ಕೆಳಗೆ ಬೆಳಗಿನದನ್ನೂ ಬರೆದಿದ್ದಾನೆ. ದುಬಲಗುಂಡಿಗೆ ಹೋಗಿ ಬಂದರೆ ಎಷ್ಟಾಗುತ್ತದೋ ಅಷ್ಟು ಫರಕು.

ಹೆಚ್ಚಾಗಿರಲಿಲ್ಲ. ಕಮ್ಮಿಯಾಗಿತ್ತು.