ಕೇಳಿ ಸುಮ್ಮನೆ ಕೂತ ಶಾಸಕಿ

ತಾಯಂದಿರೇ, ಹಿರಿಯರೇ, ಮುಂದಿನ ಚಾಪೆ ಹಿಡಿದು ಕೂತ ಮಕ್ಕಳೇ,

ನನಗಿಂತ ಮೊದಲು ಮಾತಾಡಿದ ಹಿರಿಯರು ಎರಡೇ ಮಾತು ಆಡಿ ಮುಗಿಸುತ್ತೇನೆ ಎಂದು ಶುರು ಮಾಡಿದರು. ಒಳಗೆ ಪ್ರಸಾದದ ಅನ್ನ ಆರಿಹೋಯಿತು, ಆ ಎರಡು ಮಾತು ಮಾತ್ರ ಮುಗಿಯಲಿಲ್ಲ. ನೋಡಿ, ಅವರೇ ನಗುತ್ತಿದ್ದಾರೆ. ದೊಡ್ಡ ಮನಸ್ಸಿನವರು. ಅವರ ಮಾತು ಕೇಳುತ್ತಾ ಕೂತಾಗ ನನಗೊಂದು ಕಥೆ ನೆನಪಾಯಿತು. ಇವತ್ತು ಅದನ್ನೇ ಹೇಳಿಬಿಡುತ್ತೇನೆ.

ಮಠದ ಈ ಶ್ರಾವಣ ಪ್ರವಚನದಲ್ಲಿ ರಾಜರ ಕಥೆ ಹೇಳಿದ್ದಾಯಿತು, ಶ್ರೀಮಂತರ ಕಥೆ ಹೇಳಿದ್ದಾಯಿತು. ಇವತ್ತು ರಾಜನೂ ಇಲ್ಲ, ಶ್ರೀಮಂತನೂ ಇಲ್ಲ. ಒಂದು ರಾಜ್ಯದಲ್ಲಿ ಒಬ್ಬ ಶಾಸಕಿ ಇದ್ದಳು. ಯಾವ ಪಕ್ಷ ಎಂದು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಕಿವಿ ಮುಚ್ಚಿಕೊಳ್ಳುತ್ತೀರಿ, ಉಳಿದ ಅರ್ಧ ಜನ ಕಥೆ ಮುಗಿಯುವ ಮೊದಲೇ ಚಪ್ಪಾಳೆ ಹೊಡೆಯುತ್ತೀರಿ. ಒಳ್ಳೆಯ ಹೆಣ್ಣುಮಗಳು. ಕಷ್ಟ ಎಂದು ಬಾಗಿಲಿಗೆ ಬಂದವರನ್ನು ಕೂರಿಸಿ, ಚಹಾ ಕೊಟ್ಟು, ಅವರ ಮಾತು ಕೇಳಿ ಕಳಿಸುವವಳು. ತಾನೂ ಚೆನ್ನಾಗಿ ಮಾತಾಡುತ್ತಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ, ಚೆನ್ನಾಗಿ ಮಾತಾಡುತ್ತಿದ್ದಳು. ಕಥೆ ಕೆಡುವುದು ಅಲ್ಲೇ.

ಅವಳನ್ನು ಆರಿಸಿ ಕಳಿಸಿದ್ದು ಒಂದು ನೇಕಾರರ ಊರು. ಆ ಊರಲ್ಲಿ ಫಕೀರವ್ವ ಎಂಬ ತಾಯಿ. ಗಂಡ ತೀರಿಕೊಂಡಿದ್ದ. ಒಬ್ಬನೇ ಮಗ, ಕಳಕಪ್ಪ. ಮೈ ಬೆಳೆದಿತ್ತು, ಬುದ್ಧಿ ಮೂರು ವರ್ಷದ ಕೂಸಿನಷ್ಟಕ್ಕೇ ನಿಂತಿತ್ತು. ಮನೆಯ ಮುಂದೆ ಲಾರಿ ಓಡಾಡುವ ರಸ್ತೆ, ಹಿಂದೆ ಕಟ್ಟೆಯಿಲ್ಲದ ಬಾವಿ. ತಾಯಿ ಕೂಲಿಗೆ ಹೋಗದಿದ್ದರೆ ಒಲೆ ಹೊತ್ತುವುದಿಲ್ಲ, ಹೋದರೆ ಮಗನನ್ನು ನೋಡುವವರಿಲ್ಲ. ಏನು ಮಾಡಬೇಕು ಹೇಳಿ? ತನ್ನ ಹಳೇ ಸೀರೆಯಿಂದ ಮಗನ ಕೈಗಳನ್ನು ಮನೆಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದಳು. ಹೌದು, ಹೆತ್ತ ತಾಯಿಯೇ ಕಟ್ಟುತ್ತಿದ್ದಳು. ಛೇ ಎನ್ನುತ್ತಿದ್ದೀರಿ, ಅನ್ನಿ. ಆದರೆ ಆ ಓಣಿಯ ಎಲ್ಲರಿಗೂ ಇದು ಗೊತ್ತಿತ್ತು. ಯಾರಾದರೂ ಒಳಗೆ ಹೋಗಿ, ಮಧ್ಯಾಹ್ನದವರೆಗೆ ನಾನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಬಾ ಎಂದರೇ? ಯಾರೂ ಅನ್ನಲಿಲ್ಲ.

ಅಂಥ ಮಕ್ಕಳು ಆ ಊರಲ್ಲಿ ಇನ್ನೂ ಕೆಲವರಿದ್ದರು. ಒಂದು ದಿನ ಆ ತಾಯಂದಿರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ನೇಕಾರರ ಸಂಘದ ಹಳೆಯ ಮಗ್ಗದ ಮನೆ ಖಾಲಿ ಬಿದ್ದಿತ್ತು, ಸಂಘದವರು ಬಳಸಿಕೊಳ್ಳಿ ಎಂದರು. ತಾಯಂದಿರು ಸರದಿ ಹಾಕಿಕೊಂಡರು. ಇವತ್ತು ಇಬ್ಬರು ಎಲ್ಲ ಮಕ್ಕಳನ್ನೂ ನೋಡಿಕೊಳ್ಳುವುದು, ಉಳಿದವರು ಕೂಲಿಗೆ ಹೋಗುವುದು. ನಾಳೆ ಬೇರೆ ಇಬ್ಬರು. ಇಷ್ಟೇ. ಉದ್ಘಾಟನೆ ಇಲ್ಲ, ಫಲಕ ಇಲ್ಲ. ಕಳಕಪ್ಪನಿಗೆ ನೂಲಿನ ಉಂಡೆ ಸುತ್ತುವುದು ಎಷ್ಟು ಇಷ್ಟವಾಯಿತೆಂದರೆ ಸಂಜೆ ತಾಯಿ ಬಂದರೂ ಏಳುತ್ತಿರಲಿಲ್ಲ. ಹಳೇ ಸೀರೆ ಪೆಟ್ಟಿಗೆ ಸೇರಿತು.

ಆಗ ಸರ್ಕಾರದಿಂದ ಒಂದು ಹೊಸ ನೀತಿ ಬಂತು. ಇಂಥ ಮಕ್ಕಳನ್ನು ನೋಡಿಕೊಳ್ಳುವ ಸ್ವಯಂಸೇವಾ ಸಂಸ್ಥೆಗೆ ಸ್ವಂತ ಕಟ್ಟಡ ಇರಬೇಕು, ತರಬೇತಾದ ಶಿಕ್ಷಕರು ಇರಬೇಕು, ಇಲ್ಲದಿದ್ದರೆ ಮುಚ್ಚಬೇಕು. ನೋಡಿ, ಈ ನಿಯಮ ತಂದ ಮಂತ್ರಿ ದುಷ್ಟನಲ್ಲ. ಎಲ್ಲೋ ಒಂದು ಕಡೆ ಸೇವೆಯ ಹೆಸರಲ್ಲಿ ಮಕ್ಕಳನ್ನು ಉಪವಾಸ ಕೆಡವಿದ್ದರು. ಅಂಥದ್ದು ಮತ್ತೆ ಆಗಬಾರದು ಎಂದೇ ನಿಯಮ ಮಾಡಿದ. ಆದರೆ ಅಧಿಕಾರಿಗಳು ಮಗ್ಗದ ಮನೆಗೆ ಬಂದು, ಗೋಡೆ ನೋಡಿ, ಚಾವಣಿ ನೋಡಿ, ಮುಂದಿನ ತಿಂಗಳು ಒಂದನೇ ತಾರೀಖಿಗೆ ಬೀಗ ಹಾಕುತ್ತೇವೆ ಎಂದು ಹೇಳಿ ಹೋದರು. ಒಳಗೆ ಉಂಡೆ ಸುತ್ತುತ್ತಿದ್ದ ಹುಡುಗನನ್ನು ಅವರು ನೋಡಲಿಲ್ಲ.

ತಾಯಂದಿರು ಶಾಸಕಿಯ ಮನೆಗೆ ಓಡಿದರು. ಶಾಸಕಿ ಕಣ್ಣೊರೆಸಿಕೊಂಡು, ನಾನು ಸದನದಲ್ಲಿ ಕೇಳುತ್ತೇನೆ, ಧೈರ್ಯವಾಗಿರಿ ಎಂದಳು. ಪ್ರಶ್ನೆ ಬರೆದುಕೊಟ್ಟಳು. ಅಲ್ಲಿ ಪ್ರಶ್ನೆ ಕೊಟ್ಟವರಿಗೆಲ್ಲ ಸರದಿ ಬರುವುದಿಲ್ಲ, ಚೀಟಿ ಎತ್ತುತ್ತಾರೆ. ಅವಳ ಅದೃಷ್ಟ, ಅವಳ ಚೀಟಿ ಬಂತು. ಮಂತ್ರಿ ಎದ್ದು, ಉತ್ತರ ಒದಗಿಸಿದ್ದೇನೆ ಎಂದು ಕೂತ. ಆ ಉತ್ತರದಲ್ಲಿ ಏನಿತ್ತು? ನೀತಿಯನ್ನು ಎಲ್ಲರ ಹಿತಕ್ಕಾಗಿ ರೂಪಿಸಲಾಗಿದೆ ಎಂದಿತ್ತು. ಇನ್ನು ಶಾಸಕಿ ಎದ್ದು ಅದರ ಮೇಲೆ ಮರುಪ್ರಶ್ನೆ ಕೇಳಬೇಕು. ಅದಕ್ಕೆಂದೇ ಇರುವ ಹೊತ್ತು ಅದು.

ಶಾಸಕಿ ಎದ್ದಳು. ಎದ್ದು ಏನು ಮಾಡಿದಳು? ಭಾಷಣ ಮಾಡಿದಳು. ದಯೆಯ ಬಗ್ಗೆ ಹೇಳಿದಳು, ತಾಯ್ತನದ ಬಗ್ಗೆ ಹೇಳಿದಳು, ಶರಣರ ನಾಡು ಇದು ಎಂದಳು. ಸಭಾಧ್ಯಕ್ಷರು, "ಪ್ರಶ್ನೆಗೆ ಬನ್ನಿ" ಎಂದರು. ಬಂದೆ ಎಂದು ಮತ್ತೆ ತಾಯ್ತನಕ್ಕೇ ಹೋದಳು. ಅವಳ ಪಕ್ಷದವರು ಮೇಜು ಕುಟ್ಟಿದರು. ಮೇಜು ಕುಟ್ಟುವ ಸದ್ದು ಕೇಳಿದರೆ ಎಂಥವರಿಗೂ ಮಾತು ನಿಲ್ಲುವುದಿಲ್ಲ. ಹೊತ್ತು ಮುಗಿಯಿತು. ಮಂತ್ರಿ ಎದ್ದು, "ಮಾನ್ಯ ಸದಸ್ಯರ ಭಾವನೆಗಳನ್ನು ಗೌರವಿಸುತ್ತೇನೆ" ಎಂದು ಕೈಮುಗಿದು ಕೂತ. ಮುಂದಿನ ಪ್ರಶ್ನೆ ಬಂತು.

ಭಾಷಣ ಫೋನಿನಿಂದ ಫೋನಿಗೆ ಹರಿದಾಡಿತು. ವಾರದ ಕೊನೆಗೆ ಶಾಸಕಿ ಊರಿಗೆ ಬಂದಾಗ ಹೂವಿನ ಹಾರ, ಡೊಳ್ಳು, ಪೇಟ. ಗದ್ದಲ ಕರಗಿದ ಮೇಲೆ ಫಕೀರವ್ವ ಹತ್ತಿರ ಬಂದಳು.

"ಭಾಳ ಛಲೋ ಮಾತಾಡಿದ್ರಿ ಅಕ್ಕಾರ. ಫೋನಿನ್ಯಾಗ ಎರಡ ಸಲ ನೋಡಿದೆ. ಮಂತ್ರಿಗಳು ಏನಂದ್ರು ಅನ್ನೂದು ಅದರಾಗ ಬಂದಿಲ್ಲ. ಏನಂದ್ರರೀ ಅವರು?"

ಶಾಸಕಿ ಹಾರ ತೆಗೆದು ಪಕ್ಕಕ್ಕಿಟ್ಟಳು. "ಅವರು ಏನೂ ಅನ್ನಲಿಲ್ಲವ್ವ. ಹೊತ್ತು ಮುಗೀತು."

"ನೀವು ಕೇಳಿದ್ರೋ ಇಲ್ಲೋ?"

ಫಕೀರವ್ವ ಶಾಸಕಿಯನ್ನು ನೋಯಿಸಲು ಆ ಮಾತು ಆಡಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.

"ಒಂದನೇ ತಾರೀಖಿಗೆ ಬೀಗ ಬಿದ್ರ ನಾ ಮತ್ತ ಕಟ್ಟಿ ಹೋಗಬೇಕ್ರಿ. ಈಗ ನನಗಿಂತ ಎತ್ತರ ಆಗ್ಯಾನ, ಕೊಸರಿದ್ರ ನನ್ನ ಕೈಲೆ ಆಗೂದಿಲ್ಲ. ಆದರ ಮೊನ್ನೆ ಪೆಟಗ್ಯಾಗಿನ ಹಳೇ ಸೀರಿ ಹೊರಗ ತೆಗದೆ, ಏನೋ ಹುಡುಕಾಕಂತ. ಅದನ್ನ ನೋಡಿದವನ ತಾನಾಗೇ ಎರಡೂ ಕೈ ಮುಂದ ಮಾಡಿದ."

ಇಷ್ಟು ಹೇಳಿ ಅವಳು ಹೋದಳು. ಆ ಎರಡು ಕೈ ಮಾತ್ರ ಶಾಸಕಿಯ ಕಣ್ಣಮುಂದಿನಿಂದ ಹೋಗಲಿಲ್ಲ. ತನ್ನಲ್ಲೇ ಅಂದುಕೊಂಡಳು, ನನಗೆ ಮೇಜು ಕುಟ್ಟಿದರು, ನನಗೆ ಹಾರ ಹಾಕಿದರು, ಈ ತಾಯಿಗೆ ನಾನು ಏನು ತಂದೆ? ಅವಳು ನನ್ನನ್ನು ಕಳಿಸಿದ್ದು ಕೇಳಿಕೊಂಡು ಬಾ ಎಂದು. ನಾನು ಹೇಳಿಬಂದೆ, ಕೇಳಲೇ ಇಲ್ಲ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದದ್ದು ಅವಳ ಪುಣ್ಯ.

ಅಧಿವೇಶನದ ಕೊನೆಯ ವಾರ ಹೇಗೋ ಮಾಡಿ ಅದೇ ವಿಷಯ ಎತ್ತಲು ಇನ್ನೊಂದು ಅವಕಾಶ ಪಡೆದಳು. ಪಕ್ಷದ ಹಿರಿಯರು ಬೆನ್ನು ತಟ್ಟಿ, ಈ ಸಲ ಇನ್ನೂ ಜೋರಾಗಿ ಬಾರಿಸು ಎಂದರು. ಸಭಾಧ್ಯಕ್ಷರಿಗೆ ಅವಳ ಗುಣ ಗೊತ್ತಿತ್ತು. "ಚಿಕ್ಕದಾಗಿ ಮುಗಿಸಿ" ಎಂದು ಮೊದಲೇ ಹೇಳಿದರು.

ಅವಳು ಎದ್ದಳು. "ಮಾನ್ಯ ಮಂತ್ರಿಗಳೇ, ನಮ್ಮೂರಲ್ಲಿ ಒಬ್ಬ ತಾಯಿ ಬುದ್ಧಿ ಬೆಳೆಯದ ಮಗನನ್ನು ಕಂಬಕ್ಕೆ ಕಟ್ಟಿ ಕೂಲಿಗೆ ಹೋಗುತ್ತಿದ್ದಳು. ಈಗ ತಾಯಂದಿರೇ ಸರದಿಯ ಮೇಲೆ ನೋಡಿಕೊಳ್ಳುತ್ತಾರೆ, ಅವನನ್ನು ಕಟ್ಟುವುದು ನಿಂತಿದೆ. ಒಂದನೇ ತಾರೀಖಿಗೆ ನಿಮ್ಮ ಇಲಾಖೆ ಆ ಜಾಗಕ್ಕೆ ಬೀಗ ಹಾಕುತ್ತದೆ. ಆ ದಿನ ಅವನು ಎಲ್ಲಿರಬೇಕು?"

ಕೂತುಬಿಟ್ಟಳು.

ಸದನಕ್ಕೆ ಅಚ್ಚರಿಯಾಯಿತು. ಇಷ್ಟೇನಾ? ಮಂತ್ರಿ ಎದ್ದು ಕೈಯಲ್ಲಿದ್ದ ಹಾಳೆ ಓದಿದ. ಸ್ವಯಂಸೇವಾ ವಲಯದ ಬಗ್ಗೆ ಸರ್ಕಾರಕ್ಕೆ ಅಪಾರ ಕಾಳಜಿ ಇದೆ ಎಂದು ಓದಿದ. ಸಂಸ್ಥೆಗಳ ಗುಣಮಟ್ಟ ಹೆಚ್ಚಿಸುವುದೇ ಗುರಿ ಎಂದು ಓದಿದ. ಅವಳು ಮತ್ತೆ ಎದ್ದಳು. "ಆ ದಿನ ಅವನು ಎಲ್ಲಿರಬೇಕು?" ಮತ್ತೆ ಕೂತಳು. ಹಿಂದೆ ಕೂತ ಅಧಿಕಾರಿಗಳು ಚೀಟಿ ಕಳಿಸಿದರು. ಜಿಲ್ಲಾ ಕೇಂದ್ರದಲ್ಲಿ ವಸತಿಗೃಹ ಇದೆ ಎಂದು ಮಂತ್ರಿ ಓದಿದ. "ಅಲ್ಲಿ ಅವನಿಗೆ ಜಾಗ ಇದೆಯೇ?" ಎಂದಳು. ಇನ್ನೊಂದು ಚೀಟಿ ಬಂತು. ಮಂತ್ರಿ ಅದನ್ನು ನೋಡಿದ, ಗಟ್ಟಿಯಾಗಿ ಓದಲಿಲ್ಲ.

ಈಗ ನೋಡಿ, ಈಗ ಬಂತು ಕಷ್ಟ. ಕಷ್ಟ ಎಲ್ಲಿಂದ ಬಂತು? ಅವಳ ಪಕ್ಷದವರಿಂದಲೇ ಬಂತು. ಮಂತ್ರಿ ಸಿಕ್ಕಿಬಿದ್ದ ಎಂದು ಗೊತ್ತಾದದ್ದೇ ಎಲ್ಲರೂ ಎದ್ದು, ಧಿಕ್ಕಾರ, ರಾಜೀನಾಮೆ ಎಂದು ಕೂಗತೊಡಗಿದರು. ಎದುರಿನವರು ಸುಮ್ಮನಿರುತ್ತಾರೆಯೇ? ಅವರೂ ಕೂಗಿದರು. ಗದ್ದಲ ಹೆಚ್ಚಾದರೆ ಸದನವನ್ನು ಮುಂದೂಡುತ್ತಾರೆ. ಸದನ ಮುಂದೂಡಿದರೆ ಮಂತ್ರಿ ಪಾರು, ಒಂದನೇ ತಾರೀಖಿಗೆ ಬೀಗ. ಮಂತ್ರಿಯ ಮುಖದಲ್ಲಿ ಆಗಲೇ ಸಮಾಧಾನ ಕಾಣತೊಡಗಿತ್ತು.

ಆಗ ಶಾಸಕಿ ಎದ್ದಳು. ಮಂತ್ರಿಗೆ ಬೆನ್ನು ಹಾಕಿ ತನ್ನ ಕಡೆಯವರತ್ತ ತಿರುಗಿದಳು. ಕೈಮುಗಿದಳು.

"ದಯವಿಟ್ಟು ಕೂತುಕೊಳ್ಳಿ. ಅವರು ಉತ್ತರ ಹೇಳಲಿ. ನನಗೆ ಉತ್ತರ ಬೇಕು."

ಹಿರಿಯರೊಬ್ಬರು ಸಿಟ್ಟಾದರು. ಅವಳು ಕೈ ಇಳಿಸಲಿಲ್ಲ. ಒಬ್ಬರು ಕೂತರು, ಇನ್ನೊಬ್ಬರು ಕೂತರು, ಕೊನೆಗೆ ಎಲ್ಲರೂ ಕೂತರು. ಅವರು ಕೂತ ಮೇಲೆ ಎದುರಿನವರಿಗೂ ಕೂಗಲು ಕಾರಣ ಉಳಿಯಲಿಲ್ಲ. ಸಭಾಧ್ಯಕ್ಷರೂ ಗಂಟೆ ಮುಟ್ಟಲಿಲ್ಲ. ಎಲ್ಲರೂ ಮಂತ್ರಿಯನ್ನೇ ನೋಡುತ್ತಿದ್ದರು.

ಮಂತ್ರಿ ಹಾಳೆಗಳನ್ನು ಮೇಜಿನ ಮೇಲಿಟ್ಟ. ಕನ್ನಡಕ ತೆಗೆದ.

"ಗೊತ್ತಿಲ್ಲ" ಎಂದ. "ಅವನು ಎಲ್ಲಿರಬೇಕು ಅನ್ನೋದು ನನಗೆ ಗೊತ್ತಿಲ್ಲ ತಾಯಿ. ನಿಯಮ ಮಾಡುವಾಗ ಅದನ್ನ ನಾನು ಯಾರನ್ನೂ ಕೇಳಲಿಲ್ಲ, ನನಗೂ ಯಾರೂ ಹೇಳಲಿಲ್ಲ. ಗೊತ್ತಾಗೋ ತನಕ ಆ ಬಾಗಿಲಿಗೆ ಬೀಗ ಹಾಕಿಸಲ್ಲ. ನಾನೇ ಬಂದು ನೋಡ್ತೀನಿ."

ಗೆದ್ದಳು. ಗೆದ್ದಳು ತಾಯಂದಿರೇ. ಆ ದಿನ ಮೇಜು ಕುಟ್ಟಿದವರು ಯಾರು ಗೊತ್ತೇ? ಎರಡೂ ಕಡೆಯವರು. ನನ್ನ ಲೆಕ್ಕದಲ್ಲಿ ಮಂತ್ರಿಯೂ ಗೆದ್ದ. ಅಷ್ಟು ಜನರ ಮುಂದೆ ಗೊತ್ತಿಲ್ಲ ಎನ್ನುವುದು ಸಣ್ಣ ಗಂಡಸುತನವೇ?

ಮಂತ್ರಿ ಆಡಿದ ಮಾತಿಗೆ ತಪ್ಪದೆ ಬಂದ. ಮಗ್ಗದ ಮನೆಯ ಮುಂದೆ ಊರವರು ಶಾಮಿಯಾನ ಹಾಕಿ ಮೈಕ್ ಇಟ್ಟಿದ್ದರು. ಅವನು ಮೈಕಿನ ಹತ್ತಿರ ಹೋಗಲಿಲ್ಲ, ಸೀದಾ ಒಳಗೆ ಹೋಗಿ ತಾಯಂದಿರ ಜೊತೆ ನೆಲದ ಮೇಲೆ ಕೂತ. ಇಷ್ಟು ಜನ ಒಮ್ಮೆಲೇ ಬಂದದ್ದು ನೋಡಿ ಕಳಕಪ್ಪ ಹೆದರಿದ. ಹೆದರಿ ಏನು ಮಾಡಿದ? ಎರಡೂ ಕೈ ಮುಂದೆ ಮಾಡಿದ. ಮಂತ್ರಿ ನಮಸ್ಕಾರಕ್ಕೆಂದು ತಿಳಿದು ಆ ಕೈಗಳನ್ನು ಹಿಡಿದುಕೊಂಡ. ಫಕೀರವ್ವ ಅಳುತ್ತಾ ನಗುತ್ತಾ, ಅವನು ಯಾಕೆ ಹಾಗೆ ಮಾಡುತ್ತಾನೆ ಎಂದು ಹೇಳಿದಳು. ಮಂತ್ರಿ ಬಹಳ ಹೊತ್ತು ಕೈ ಬಿಡಲಿಲ್ಲ.

ನೀತಿ ಬದಲಾಯಿತು. ತಾಯಂದಿರೇ ಸರದಿಯ ಮೇಲೆ ನಡೆಸುವ ಜಾಗಕ್ಕೆ ಬೀಗ ಹಾಕಬಾರದು, ಸರ್ಕಾರವೇ ಅಲ್ಲಿಗೆ ಶಿಕ್ಷಕರನ್ನು ಕಳಿಸಬೇಕು, ಕಟ್ಟಡ ರಿಪೇರಿ ಮಾಡಿಸಿಕೊಡಬೇಕು ಎಂದಾಯಿತು. ಒಂದನೇ ತಾರೀಖು ಬಂತು. ಕಳಕಪ್ಪ ಉಂಡೆ ಸುತ್ತುತ್ತಿದ್ದ.

ಕಥೆ ಮುಗಿಯಿತು. ಈಗ ನಿಮ್ಮ ಸರದಿ.

ಶಾಸಕಿಯ ಮೊದಲ ತಪ್ಪನ್ನು ನೀವು ಯಾರೂ ಮಾಡುವುದಿಲ್ಲವೇ? ಆಸ್ಪತ್ರೆಗೆ ಹೋಗುತ್ತೀರಿ. ಹೇಗಿದ್ದೀರಿ ಎಂದು ಕೇಳುತ್ತೀರಿ. ಮಲಗಿದವರು ಬಾಯಿ ತೆರೆಯುವ ಮೊದಲೇ ನಿಮ್ಮ ಬೀಗರ ಆಪರೇಷನ್ ಕಥೆ ಶುರು. ಚಪ್ಪಲಿ ಬಿಡುತ್ತಾ ಹೆಂಡತಿಗೆ ಊಟ ಆಯಿತೇ ಎನ್ನುತ್ತೀರಿ, ಉತ್ತರ ಬರುವಷ್ಟರಲ್ಲಿ ಟಿವಿ ಹಚ್ಚಿರುತ್ತೀರಿ. ಮಗ ಪರೀಕ್ಷೆಯಲ್ಲಿ ಯಾಕೆ ಬಿದ್ದ ಎಂದು ಕೇಳಿ, ಕಾರಣವನ್ನೂ ನೀವೇ ಹೇಳಿ, ಬೈದು ಕಳಿಸುತ್ತೀರಿ. ದೇವರನ್ನಾದರೂ ಬಿಟ್ಟಿದ್ದೀರಾ? ದೇವರ ಜಗುಲಿಯ ಮುಂದೆ ಕೂತು ಎಲ್ಲ ಒಪ್ಪಿಸಿ, ಗಂಟೆ ಬಾರಿಸಿ ಎದ್ದು ಬರುತ್ತೀರಿ. ಪಾಪ, ಅವನಿಗೂ ಏನೋ ಹೇಳಬೇಕಿತ್ತೇನೋ.

ನಾಳೆಯಿಂದ ಇದನ್ನು ಬಿಡಿ. ಮನೆಯಲ್ಲಿ ನೀವು ದಿನವೂ ಯಾರಿಗೆ ಬುದ್ಧಿ ಹೇಳುತ್ತೀರೋ ಅವರ ಹತ್ತಿರ ಕೂತು, ಒಂದೇ ಒಂದು ಪ್ರಶ್ನೆ ಕೇಳಿ. ಕೇಳಿ ಬಾಯಿ ಮುಚ್ಚಿ. ಅವರು ಅತ್ತರೆ ಅಳಲಿ, ಸುಮ್ಮನಿದ್ದರೆ ಸುಮ್ಮನಿರಲಿ, ನೀವು ನಡುವೆ ತುಂಬಬೇಡಿ. ನಿಮ್ಮ ಕಡೆಯವರೇ ಗದ್ದಲ ಎಬ್ಬಿಸಿದರೆ ಅವರಿಗೆ ಕೈಮುಗಿದು ಕೂರಿಸಿ. ಇನ್ನು ನಿಮ್ಮನ್ನೇ ಯಾರಾದರೂ ಕೇಳಿದಾಗ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಮಂತ್ರಿಯ ಬಾಯಿ ಬಿದ್ದುಹೋಗಲಿಲ್ಲ, ನಿಮ್ಮದೂ ಬೀಳುವುದಿಲ್ಲ.

ಕೊನೆಗೆ ನನ್ನದೂ ಒಂದು ಪ್ರಶ್ನೆ ಇದೆ. ನಾವು ಕೂತಿರುವ ಈ ಮಠದ ಸಭಾಮಂಟಪ ಬೆಳಗಿನಿಂದ ಸಂಜೆಯವರೆಗೆ ಖಾಲಿ ಇರುತ್ತದೆ. ಬೀಗದ ಕೈ ಇಲ್ಲಿದೆ, ನೋಡಿ, ನನ್ನ ಮುಂದೆ ಇಟ್ಟಿದ್ದೇನೆ. ಸರದಿ ಹಾಕಿಕೊಂಡು ಬರುವ ತಾಯಂದಿರು ಇದನ್ನು ಇವತ್ತೇ ತೆಗೆದುಕೊಂಡು ಹೋಗಬಹುದು. ಹಾಗಾದರೆ ಹೇಳಿ, ನಮ್ಮೂರಲ್ಲಿ ಯಾವ ಯಾವ ಮನೆಯಲ್ಲಿ ಮಕ್ಕಳನ್ನು ಕಟ್ಟಿ, ಕೂಡಿಹಾಕಿ ಕೂಲಿಗೆ ಹೋಗುತ್ತಿದ್ದೀರಿ?

ಕೇಳಿದ್ದೇನೆ. ಉತ್ತರ ಬರುವ ತನಕ ನಾನು ಸುಮ್ಮನೆ ಕೂತಿರುತ್ತೇನೆ.