ಬೆಟ್ಟದ ಬುಡದ ನೆರಳು

ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ನಂಬದಿದ್ದರೆ ಅವಳನ್ನೇ ಕೇಳಿ.

ಅವತ್ತು ಕತ್ತಲಾದ ಮೇಲೆ ಅಕ್ಕ ಚಿತ್ರ ಬರೆಯುವ ಕೋಣೆಗೆ ಬೀಗ ಹಾಕಿ, ನಾದಿನಿಯ ಜೊತೆ ಮನೆಗೆ ಹೊರಟಳು. ಭಾವ ತೀರಿಕೊಂಡ ಮೇಲೆ ಅವಳ ಕಣ್ಣಲ್ಲಿ ಒಂದು ಹನಿ ನೀರೂ ಬಂದಿರಲಿಲ್ಲ. ಊಟ ರುಚಿಸುತ್ತಿರಲಿಲ್ಲ, ಹಸಿವೂ ಇರಲಿಲ್ಲ.

ಭಾವ ಬೆಟ್ಟಗಳನ್ನು ಬರೆಯುತ್ತಿದ್ದವರು. ಕೊನೆಯ ಚಿತ್ರ ಅರ್ಧಕ್ಕೆ ನಿಂತಿತ್ತು. ಇಳಿಬಿಸಿಲಿನಲ್ಲಿ, ಎದೆ ಝಲ್ಲೆನ್ನುವಂಥ ಬೆಟ್ಟ. ಅದರ ಬುಡದಲ್ಲಿ ಕಡ್ಡಿಯಷ್ಟು ಮನುಷ್ಯನನ್ನು ಅವರು ಯಾವಾಗಲೂ ಕಟ್ಟಕಡೆಗೆ ಬರೆಯುತ್ತಿದ್ದರು. ಅವನಿಲ್ಲದೆ ಬೆಟ್ಟದ ಎತ್ತರ ಗೊತ್ತಾಗುವುದಿಲ್ಲವಂತೆ. ಬೆಳಗಾದರೆ ಆ ಚಿತ್ರವನ್ನು ಪ್ರದರ್ಶನಕ್ಕೆ ಕಳಿಸಬೇಕಿತ್ತು. ಇಷ್ಟು ವರ್ಷ ಬಣ್ಣ ಕಲಸಿಕೊಟ್ಟ ಅಕ್ಕ ಆ ಸಂಜೆ ತಾನೇ ಆ ಮನುಷ್ಯನನ್ನು ಬರೆದಿದ್ದಳು.

"ನಮ್ಮಣ್ಣ ಇದ್ದಿದ್ದರೆ, ಇವನಿಗೆ ಹೊಟ್ಟೆ ಬಂದಿದೆ ಅಂತಿದ್ದ," ಅಂದಳು ನಾದಿನಿ. ಅಕ್ಕ ನಗಲಿಲ್ಲ.

"ಅತ್ತಿಗೆ... ಅತ್ತುಬಿಡಿ."

"ಬಂದರೆ ತಾನೆ."

ಹಾಳು ಬಾವಿಯ ಹತ್ತಿರ, ಎಡಗಡೆಯ ಬೀದಿದೀಪಕ್ಕೆ ಅಕ್ಕನ ನೆರಳು ಬಲಕ್ಕೆ ಬಿತ್ತು. ಅವಳು ನಿಂತುಬಿಟ್ಟಳು. ಚಿತ್ರದಲ್ಲೂ ಬಿಸಿಲು ಎಡದಿಂದ ಬರುತ್ತದೆ. ಆದರೆ ಅವಳು ಬಲಗಡೆಯ ಕಿಟಕಿಯ ಪಕ್ಕ ಕೂತು, ತನ್ನ ಕೈಯ ನೆರಳು ನೋಡಿಕೊಂಡೇ ಬರೆದಿದ್ದಳು. ಆ ಮನುಷ್ಯನ ನೆರಳು ಎಡಕ್ಕೆ ಬಿದ್ದಿತ್ತು... ಬಿಸಿಲಿನ ಕಡೆಗೇ. ಭಾವನ ಕೊನೆಯ ಚಿತ್ರ ಅವಳ ಕೈಯಲ್ಲೇ ಕೆಟ್ಟಿತ್ತು.

ಇಬ್ಬರೂ ವಾಪಸ್ ನಡೆದರು. ಬೀಗ ಹಾಕಿದ ಹಾಗೇ ಇತ್ತು. ಒಳಗೆ ಸದ್ದು... ಕರ್... ಕರ್... ಹಸಿ ಬಣ್ಣವನ್ನು ಚಾಕುವಿನಿಂದ ಕೆರೆಯುವ ಸದ್ದು. ಆಮೇಲೆ ಟಿಣ್, ಟಿಣ್. ಕುಂಚವನ್ನು ಗಾಜಿನ ಲೋಟದ ಅಂಚಿಗೆ ತಟ್ಟುವುದು ಭಾವನ ಅಭ್ಯಾಸ. ನಾದಿನಿ ಅಕ್ಕನ ಕೈ ಬಿಗಿಯಾಗಿ ಹಿಡಿದುಕೊಂಡಳು.

"ಬೆಳಕು ಎಲ್ಲಿಂದ ಬರ್ತಿದೆ?" ಒಳಗಿನಿಂದ ಪಿಸುದನಿ. ಅವಳು ಏನಾದರೂ ತಪ್ಪಿದಾಗ ಭಾವ ಕೇಳುತ್ತಿದ್ದದ್ದು ಅದೊಂದನ್ನೇ.

"ಎಡಗಡೆಯಿಂದ," ಅಂದಳು ಅಕ್ಕ. ಹೆದರಿಕೆ ಆಗಲಿಲ್ಲ. ಏನೂ ಆಗಲಿಲ್ಲ.

"ಮತ್ತೆ...?"

"ತಪ್ಪಾಯ್ತು."

ಸದ್ದು ನಿಂತಿತು. ಬೀಗ ತೆಗೆದರು. ಯಾರೂ ಇಲ್ಲ. ಮನುಷ್ಯನ ನೆರಳು ಬಲಕ್ಕೆ, ಉದ್ದಕ್ಕೆ ಬಿದ್ದಿತ್ತು. ಬೆಟ್ಟ ಮೊದಲಿಗಿಂತ ಎತ್ತರವಾಗಿ ಕಂಡಿತು. ಅಕ್ಕ ಆಗಲೂ ಅಳಲಿಲ್ಲ. ಲೋಟ ತೊಳೆದು ಕವುಚಿಟ್ಟಳು.

ನೆರಳು ಒಣಗಲಿ, ಆಮೇಲೆ ಕಳಿಸುತ್ತೇನೆ ಅಂತ ಚಿತ್ರವನ್ನು ಇಟ್ಟುಕೊಂಡಳು. ವರ್ಷಗಳಾದವು, ಚಿತ್ರ ಅವಳ ಮನೆಯಲ್ಲೇ ಇದೆ. ಉಳಿದ ಬಣ್ಣವೆಲ್ಲ ಒಣಗಿ ಕಲ್ಲಾಗಿದೆ. ಹೋದ ವಾರ ನಾನೇ ಆ ನೆರಳನ್ನು ಮುಟ್ಟಿ ನೋಡಿದೆ.

ಬೆರಳಿಗೆ ಹತ್ತಿತು.